ಗಾಡಿಗೆ ತಪ್ಪಾಯ್ತು ಹೇಳಿಸುತ್ತಿದ್ದ ಬ್ರೇಕ್ ಅತ್ತಿಗೆ

...ಹಾಗಂತ ಬ್ರೇಕ್ ಅತ್ತಿಗೆ ಜಂಬದವರು ಅಂತ ನಾನು ಹೇಳಲೇ ಇಲ್ಲ, ಅದು ನೀವೇ ಅಂದುಕೊಂಡದ್ದು. ನಾನು ಹೇಳಿದ್ದು ಇಷ್ಟೇ: ಅವರ ಕಾರಿನ ಮುಂದೆ ಈಗ ಬೋರ್ಡ್ ಇಲ್ಲ, ಇಲ್ಲದಿರುವುದಕ್ಕೆ ಒಂದು ಕಾರಣ ಇದೆ, ಆ ಕಾರಣ ಹೇಳುವಾಗ ಅವರ ಮುಖ ಇವತ್ತಿಗೂ ಕೆಂಪಗಾಗುತ್ತದೆ. ಅಷ್ಟರಲ್ಲಿ ಯಾರೋ ಬಂದು ನಮ್ಮ ಮಾತು ತುಂಡಾಯಿತು. ಈಗ ಪೂರ್ತಿ ಹೇಳುತ್ತೇನೆ ಕೇಳಿ.

ಅವರ ಕೆಲಸ ಕಾರು ಕಲಿಸುವುದು. ಇರುವುದು ಒಂದೇ ಕಾರು, ಹಳೆಯದು, ಬೂದಿ ಬಣ್ಣದ್ದು. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತುವ ಮೊದಲು ಅವರು "ಬ್ರೇಕ್!" ಅಂತ ಕೂಗುತ್ತಾರೆ. ಆ ಕೂಗಿಗೆ ಪಕ್ಕದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವರೂ ಕಾಲೂರಿ ನಿಂತುಬಿಡುತ್ತಾರೆ. ಹೆಸರಿನ ಮೊದಲ ಅರ್ಧ ಬಂದದ್ದು ಹಾಗೆ. ಉಳಿದರ್ಧ ಅವರ ನಾದಿನಿಯಿಂದ ಬಂದದ್ದು. ಮೊದಮೊದಲು ಅವರನ್ನು ಅತ್ತಿಗೆ ಅಂತ ಕರೆಯುತ್ತಿದ್ದದ್ದು ಗಂಡನ ತಂಗಿ ಒಬ್ಬಳೇ. ಆಮೇಲೆ ಕಲಿಯಲು ಬಂದವರೆಲ್ಲ ಅದನ್ನೇ ಹಿಡಿದುಕೊಂಡೆವು. ಈಗ ಅವರಿಗಿಂತ ದೊಡ್ಡವರು ಕೂಡ ಅತ್ತಿಗೆ ಅನ್ನುತ್ತಾರೆ.

ನಾನು ಅವರ ಹತ್ತಿರವೇ ಕಲಿತದ್ದು. ನಿಜ ಹೇಳಬೇಕೆಂದರೆ ನನಗೆ ಅವರೆಂದರೆ ಹುಚ್ಚು. ಕೀಲಿ ಮುಟ್ಟುವ ಮೊದಲೇ ಬಾನೆಟ್ ಎತ್ತಿಸಿ, ಎಣ್ಣೆ ನೋಡು, ನೀರು ನೋಡು, ಪೈಪು ಹಿಸುಕಿ ನೋಡು ಅನ್ನುವ ಟೀಚರ್ ಇನ್ನೆಲ್ಲಿ ಸಿಗುತ್ತಾರೆ ಹೇಳಿ?

ಆದರೆ ಅವರದೊಂದು ಪದ್ಧತಿ ಇತ್ತು. "ಗಾಡಿ ತಪ್ಪು ಮಾಡಲ್ಲ ಕಣ್ರೋ, ಒಳಗೆ ಕೂತಿರೋರು ಮಾಡೋದು" ಅನ್ನುವುದು ಅವರ ಮಾತು. ಯಾರಾದರೂ ಗೇರ್ ಕಿರ್ರ್ ಅನ್ನಿಸಿದರೋ, ಕ್ಲಚ್ ಬಿಡುವಾಗ ಗಾಡಿಯನ್ನು ಕಪ್ಪೆಯ ಹಾಗೆ ನೆಗೆಸಿದರೋ, ಅಲ್ಲೇ ನಿಲ್ಲಿಸಿ ಇಳಿಸುತ್ತಿದ್ದರು. ಇಳಿದವರು ಕಾರಿನ ಮುಂದೆ ಹೋಗಿ, ಬಾನೆಟ್ ಮೇಲೆ ಅಂಗೈ ಇಟ್ಟು, ಕೇಳಿಸುವ ಹಾಗೆ "ತಪ್ಪಾಯ್ತು" ಅನ್ನಬೇಕು. ಸಣ್ಣಗೆ ಹೇಳಿದರೆ ಒಳಗಿನಿಂದ "ಗಾಡಿಗೆ ಕಿವಿ ಮಂದ, ಜೋರಾಗಿ!" ಅನ್ನುತ್ತಿದ್ದರು. ನಾನೂ ಹೇಳಿದ್ದೇನೆ, ಒಂದು ಸಲ ಮೀಸೆ ಹೊತ್ತ ಬ್ಯಾಂಕ್ ಮ್ಯಾನೇಜರ್ ಕೂಡ ಹೇಳಿದ್ದಾರೆ. ನಮಗೆಲ್ಲ ಅದೊಂದು ತಮಾಷೆ. ಎಲ್ಲರಿಗೂ ತಮಾಷೆ ಅಲ್ಲ ಅನ್ನುವುದು ಗೊತ್ತಾದದ್ದು ನಾದಿನಿಯ ದಿನ.

ನಾದಿನಿ ಅವರ ಮನೆಯ ಮಹಡಿಯಲ್ಲೇ ಇರುವುದು. ಮಾತು ಕಮ್ಮಿ. ಫ್ಲೈಓವರ್ ಇಳಿದರೆ ಸಿಗುವ ಬೇಕರಿಯಲ್ಲಿ ಬ್ರೆಡ್ ಕಟ್ಟುವ ಕೆಲಸ. ಕಟ್ಟುವ ಕೋಣೆ ಬೇಕರಿಯ ಹಿಂದುಗಡೆ, ಅದಕ್ಕೆ ಕಿಟಕಿಯೇ ಇಲ್ಲ. ಬೇಸಿಗೆಯೋ ಚಳಿಯೋ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ, ಬೆವರುವುದೊಂದೇ. ಬ್ರೆಡ್ ಅಂಗಡಿಗಳಿಗೆ ಹಾಕಿ ಬರುವ ವ್ಯಾನಿನ ಡ್ರೈವರ್ ಕೆಲಸ ಬಿಡುವವನಿದ್ದ. ಅದು ಗೊತ್ತಾದ ದಿನ ಇವಳು ಯಜಮಾನರ ಮುಂದೆ ನಿಂತು, "ವ್ಯಾನ್ ನಾನು ಓಡಿಸ್ಲಾ?" ಅಂದಳಂತೆ. ಅವರು ನಗಲಿಲ್ಲ. "ಓಡಿಸಿ ತೋರ್ಸಮ್ಮ, ನೋಡೋಣ" ಅಂದರಂತೆ.

ನಾನೊಂದು ಸಲ ಯಾಕೆ ಅಷ್ಟು ಆಸೆ ಅಂತ ಕೇಳಿದ್ದೆ. "ಇಷ್ಟು ವರ್ಷ ಬ್ರೆಡ್ ಕಟ್ಟಿದೀನಿ. ಅದು ಎಲ್ಲಿಗೆ ಹೋಗತ್ತೆ ಅಂತ ಒಂದ್ಸಲನಾದ್ರೂ ನೋಡ್ಬೇಕು" ಅಂದಳು. ಅಷ್ಟೇ ಅವಳ ಆಸೆ.

ಇನ್ನು ಬೋರ್ಡ್. ಅತ್ತಿಗೆಯ ಗಂಡ ಬೋರ್ಡ್ ಬರೆಯುವವರು. ಅವರ ಅಂಗಳ ನೋಡಬೇಕು ನೀವು, ಕಾರು ನಿಲ್ಲುವ ಜಾಗ ಬಿಟ್ಟು ಉಳಿದದ್ದೆಲ್ಲ ಬಣ್ಣದ ಡಬ್ಬಿ. ಮೊದಲು ಕಾರಿನ ನೆತ್ತಿಯ ಮೇಲೆ ಸಣ್ಣ ಹಲಗೆ ಇತ್ತು. ಅತ್ತಿಗೆಗೆ ಅದು ಸಾಲದಾಯಿತು. ಎದುರಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಹಾಗೆ ಕಾರಿನ ಮುಂದೆ ದೊಡ್ಡ ತಗಡಿನ ಬೋರ್ಡ್ ಬೇಕು ಅಂದರು.

"ಗಾಡಿ ಮೂತಿಗಿಂತ ದೊಡ್ಡದಾಯ್ತಲ್ಲೇ. ಸ್ವಲ್ಪ ಚಿಕ್ಕದು ಮಾಡ್ತೀನಿ" ಅಂದರು ಗಂಡ.

"ರೀ, ಗಾಡಿ ವಿಷ್ಯ ನಂಗೆ ಬಿಡಿ. ನೀವು ಅಕ್ಷರ ದಪ್ಪ ಮಾಡಿ."

ಹಳದಿ ತಗಡು, ಕೆಂಪು ಅಕ್ಷರದಲ್ಲಿ ಅತ್ತಿಗೆಯ ಹೆಸರು. ಕಾರಿನ ಮುಂದಿನ ಜಾಲರಿಯನ್ನು ಪೂರ್ತಿ ಮುಚ್ಚಿಕೊಂಡು ಕೂತಿತು. ಅತ್ತಿಗೆ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದರು. ಪಾಠವೆಲ್ಲ ಹಿಂದಿನ ಗಲ್ಲಿಗಳಲ್ಲಿ, ನಿಧಾನಕ್ಕೆ ನಡೆಯುವುದರಿಂದ ಕಾರಿಗೇನೂ ಆಗಲಿಲ್ಲ.

ನಾದಿನಿ ಯಜಮಾನರಿಗೆ ಓಡಿಸಿ ತೋರಿಸುವ ದಿನ ನಾನು ಹಿಂದಿನ ಸೀಟಿನಲ್ಲಿದ್ದೆ, ಅವಳದಾದ ಮೇಲೆ ನನ್ನ ಪಾಠ ಅಂತ. ಅವಳು ಎಷ್ಟು ಚೆನ್ನಾಗಿ ಓಡಿಸುತ್ತಿದ್ದಳೆಂದರೆ ಅತ್ತಿಗೆ ಒಮ್ಮೆಯೂ ಕೂಗಲಿಲ್ಲ. ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂದೆವು, ಫ್ಲೈಓವರ್ ಏರು ಶುರುವಾಯಿತು. ಆ ಏರು ಉದ್ದದ್ದು. ಅರ್ಧಕ್ಕೆ ಬಂದಾಗ ನಾದಿನಿ, "ಅತ್ತಿಗೆ, ಇಂಜಿನ್ ಬಿಸಿ ತೋರ್ಸೋ ಆ ಮುಳ್ಳು ಮೇಲಕ್ಕೆ ಹೋಗ್ತಿದೆ" ಅಂದಳು.

"ರಸ್ತೆ ನೋಡು ನೀನು."

ಇಳಿದು ಬೇಕರಿ ಮುಂದೆ ಬರುವಷ್ಟರಲ್ಲಿ ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಬಾನೆಟ್ ಸಂದಿಯಿಂದ ಹಬೆ ಬುಸ್ಸೆಂದು ಎದ್ದಿತು. ಬ್ರೆಡ್ಡಿಗೆ ಸಾಲು ನಿಂತಿದ್ದವರೆಲ್ಲ ತಿರುಗಿದರು. ಯಜಮಾನರು ಗಲ್ಲಾ ಬಿಟ್ಟು ಮೆಟ್ಟಿಲಿಗೆ ಬಂದು, "ಏನಮ್ಮ, ನಮ್ಮ ಓವನ್ ಸಾಲಲ್ಲ ಅಂತ ನೀವೂ ಒಂದು ತಂದ್ರಾ?" ಅಂದರು. ಸಾಲಿಗೆ ಸಾಲೇ ನಕ್ಕಿತು.

ಅತ್ತಿಗೆಗೆ ತನ್ನ ಕಾರನ್ನು ನೋಡಿ ನಕ್ಕದ್ದು ತಡೆಯಲಾಗಲಿಲ್ಲ. ಕೆಂಪು ಅಕ್ಷರದಲ್ಲಿ ಹೆಸರು ಬೇರೆ ಹಬೆಯ ಕೆಳಗೆ ಹೊಳೆಯುತ್ತಿದೆ.

"ಕ್ಲಚ್ ಮೇಲೆ ಕಾಲಿಟ್ಕೊಂಡೇ ಏರು ಹತ್ತಿದೀಯ! ಎಷ್ಟು ಸಲ ಹೇಳಿದೀನಿ?"

"ಇಲ್ಲ ಅತ್ತಿಗೆ, ನಾನು ಕಾಲು..."

"ಗಾಡಿ ತಪ್ಪು ಮಾಡತ್ತಾ ಹಾಗಾದ್ರೆ? ಇಳಿ. ಹೇಳು."

ನಾದಿನಿ ಇಳಿದಳು. ಅವಳ ಜೊತೆ ಬ್ರೆಡ್ ಕಟ್ಟುವ ಹೆಂಗಸರು ಕೂಡ ಅಷ್ಟು ಹೊತ್ತಿಗೆ ಹೊರಗೆ ಬಂದಿದ್ದರು. ಬಾನೆಟ್ ಸುಡುತ್ತಿತ್ತು. ಅಂಗೈ ಇಡಲಾಗದೆ ಬೆರಳ ತುದಿ ಮುಟ್ಟಿಸಿ, "ತಪ್ಪಾಯ್ತು" ಅಂದಳು. ಅತ್ತಿಗೆ "ಜೋರಾಗಿ" ಅನ್ನುವ ಮೊದಲೇ ತಿರುಗಿ ನಡೆದುಕೊಂಡು ಹೋದಳು, ಇಡೀ ಫ್ಲೈಓವರನ್ನು, ಅಂಚು ಹಿಡಿದು, ಒಬ್ಬಳೇ. ನಾನು ಸೀಟಿನಲ್ಲಿ ಕೂತು ನನ್ನ ಚಪ್ಪಲಿ ನೋಡಿಕೊಂಡೆ.

ಕಾರು ತಣ್ಣಗಾದ ಮೇಲೆ ನೀರು ಹಾಕಿಕೊಂಡು ಮನೆಗೆ ತಂದರು. ಆ ಸಂಜೆಯೇ ಅಂಗಳದಲ್ಲಿ ತಪಾಸಣೆ ಶುರು. ಇದರಲ್ಲಿ ಅವರನ್ನು ಮೀರಿಸುವವರಿಲ್ಲ ಬಿಡಿ. ಇಂಜಿನ್ ಪೂರ್ತಿ ಆರುವ ತನಕ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲಿಲ್ಲ, ಹಾಕಿದಾಗಲೂ ದಪ್ಪ ಬಟ್ಟೆ ಸುತ್ತಿ, ಮುಖ ಆಚೆ ತಿರುಗಿಸಿ. ಇಂಜಿನ್ ತಂಪಿಡುವ ಕೂಲಂಟ್ ತುಂಬಿಸಿದರು. ಸೋರುತ್ತಿದೆಯೋ ನೋಡಲು ಕಾರಿನ ಅಡಿಗೆ ರಟ್ಟು ಹಾಸಿದರು, ಒಂದು ಹನಿ ಬೀಳಲಿಲ್ಲ. ಎಣ್ಣೆ ಕಡ್ಡಿ ಎಳೆದು ನೋಡಿದರು. ಒಳಗೆ ನೀರು ಸೇರಿದ್ದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗಾಗುತ್ತದೆ, ಹಾಗಾಗಿರಲಿಲ್ಲ. ಇಂಜಿನ್ ಓಡಿಸಿ ಮೇಲಿನ ಪೈಪು ಮುಟ್ಟಿದರು, ಸರಿಯಾದ ಹೊತ್ತಿಗೆ ಬಿಸಿಯಾಯಿತು, ಅಂದರೆ ನೀರು ಓಡಾಡುತ್ತಿದೆ. ಫ್ಯಾನ್ ಕೂಡ ಬರ್ರ್ ಅಂತ ತಿರುಗಿತು. ನಿಂತಲ್ಲೇ ಎಷ್ಟು ಹೊತ್ತು ಓಡಿಸಿದರೂ ಮುಳ್ಳು ನಡುವಿನಿಂದ ಅಲ್ಲಾಡಲಿಲ್ಲ.

"ನೋಡಿದ್ರಾ? ಗಾಡಿಯಲ್ಲಿ ಏನೂ ಇಲ್ಲ" ಅಂದರು ಗಂಡನಿಗೆ, ಗೆದ್ದವರ ಧ್ವನಿಯಲ್ಲಿ. "ಎಲ್ಲಾ ಓಡಿಸಿದೋರ ಕಾಲಲ್ಲಿ ಇರೋದು."

ಮಹಡಿ ಮೆಟ್ಟಿಲಿನ ತಿರುವಿನಲ್ಲಿ ನಾದಿನಿ ಬಟ್ಟೆ ತೆಗೆಯುತ್ತಾ ನಿಂತಿದ್ದಳು. ಕೇಳಿಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಅತ್ತಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಏರಿಗೆ ಹೊರಟರು. "ಏರು ಹೇಗೆ ಹತ್ತಿಸ್ಬೇಕು ಅಂತ ತೋರಿಸ್ತೀನಿ, ನೋಡ್ಕೋ." ಕ್ಲಚ್ಚಿನ ಹತ್ತಿರಕ್ಕೂ ಅವರ ಕಾಲು ಹೋಗಲಿಲ್ಲ, ನಾನು ನೋಡಿದೆ. ಆದರೂ ಅರ್ಧ ಏರಿಗೆ ಮುಳ್ಳು ಎದ್ದಿತು. ಇನ್ನೂ ಮೇಲೆ ಹೋಯಿತು. ಅತ್ತಿಗೆ ಕಿಟಕಿಗಳನ್ನೆಲ್ಲ ಇಳಿಸಿ ಒಳಗಿನ ಹೀಟರ್ ಪೂರ್ತಿ ತಿರುಗಿಸಿದರು, ಇಂಜಿನ್ನಿನ ಶಾಖ ಸ್ವಲ್ಪವಾದರೂ ಈ ಕಡೆ ಬರಲಿ ಅಂತ. ಬಿಸಿಗಾಳಿಗೆ ನಮ್ಮಿಬ್ಬರ ಮುಖದಲ್ಲೂ ಬೆವರು ಇಳಿಯುತ್ತಿತ್ತು. ಹೇಗೋ ಕೆಂಪು ಮುಟ್ಟುವ ಮೊದಲು ಏರು ಮುಗಿಯಿತು.

"ಅತ್ತಿಗೆ, ನಿಮ್ಮ ಕಾಲೂ..." ಅಂತ ನಾನು ಶುರು ಮಾಡಿದೆ.

"ಸುಮ್ನೆ ಕೂತ್ಕೋ."

ಮುಂದಿನದಕ್ಕೆ ನಾನಿರಲಿಲ್ಲ, ಅವರೇ ಆಮೇಲೆ ಹೇಳಿದ್ದು. ಮನೆಗೆ ಬಂದು ಇಂಜಿನ್ ಓಡುತ್ತಿರುವಾಗಲೇ ಹಳೇ ದಿನಪತ್ರಿಕೆಯ ಒಂದು ಹಾಳೆ ತಂದರು. ಫ್ಯಾನ್ ಸರಿಯಾಗಿ ಗಾಳಿ ಎಳೆಯುತ್ತಿದ್ದರೆ ಮುಂದೆ ಹಿಡಿದ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಹಿಡಿದರು. ಬೋರ್ಡಿನ ಅಡಿಯ ಸಂದಿಯಲ್ಲಿ ಕಾಗದ ಸಪ್ಪಗೆ ನೇತಾಡಿತು. ಅವರಿಗೆ ಎಷ್ಟು ಖುಷಿಯಾಯಿತೆಂದರೆ! ಫ್ಯಾನ್ ಸೋತಿದೆ, ಹಾಗಾದರೆ ತಪ್ಪು ನಾದಿನಿಯದೂ ಅಲ್ಲ ತನ್ನದೂ ಅಲ್ಲ, ಒಂದು ಫ್ಯಾನ್ ಬದಲಾಯಿಸಿದರೆ ಮುಗಿಯಿತು.

ಅಂಗಳದ ಮೂಲೆಯಿಂದ ಗಂಡ ಕುಂಚ ಹಿಡಿದುಕೊಂಡೇ, "ಏನೇ, ಗಾಡಿಗೆ ಪೇಪರ್ ಓದಿಸ್ತಿದೀಯಾ?" ಅಂದರು.

ಫ್ಯಾನನ್ನು ಸರಿಯಾಗಿ ನೋಡೋಣ ಅಂತ ಬೋರ್ಡಿನ ನಟ್ಟು ಬಿಚ್ಚಿ ಪಕ್ಕಕ್ಕಿಟ್ಟರು. ಕೈಯಲ್ಲಿದ್ದ ಕಾಗದ ಫಟ್ಟೆಂದು ಹಾರಿ ಜಾಲರಿಗೆ ಅಂಟಿಕೊಂಡಿತು.

ಬಿಡಿಸಿದರು. ಬೋರ್ಡನ್ನು ಮತ್ತೆ ಅದರ ಜಾಗಕ್ಕೆ ಹಿಡಿದು ಕಾಗದ ಇಟ್ಟರು, ಜಾರಿ ನೆಲಕ್ಕೆ ಬಿತ್ತು. ಬೋರ್ಡ್ ತೆಗೆದರು, ಅಂಟಿತು. ಇಟ್ಟರು, ಬಿತ್ತು. ಗಾಳಿಯ ದಾರಿಯನ್ನೇ ತಾನು ತಗಡು ಹೊಡೆಸಿ ಮುಚ್ಚಿದ್ದು ಆಗ ಹೊಳೆಯಿತು. ನಿಧಾನಕ್ಕೆ ಹೋಗುವಾಗ ಅಡಿಯ ಸಂದಿಯಿಂದ ಬಂದ ಗಾಳಿ ಹೇಗೋ ಸಾಲುತ್ತಿತ್ತು, ಇಂಜಿನ್ ದುಡಿಯುವ ಏರಿನಲ್ಲಿ ಉಸಿರು ಕಟ್ಟಿತು. ಬಾನೆಟ್ ಎತ್ತಿ ಒಳಗೆಲ್ಲ ಹುಡುಕಿದವರು ಹೊರಗೆ ದಿನಾ ಒರೆಸುವ ತಗಡನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಮೈಯೆಲ್ಲ ತಣ್ಣಗಾಯ್ತು ಕಣೋ. ಗಾಡಿ ಬಿಸಿಯಾಗಿದ್ದಕ್ಕೆ ನಾನು ತಣ್ಣಗಾದೆ" ಅಂದಿದ್ದರು ನನಗೆ. ನಗಿಸಲು ಹೇಳಿದ್ದು, ನಗು ಬರಲಿಲ್ಲ.

ಈಗ ನೀವು ಅಂದುಕೊಳ್ಳುತ್ತೀರಿ, ತಕ್ಷಣ ಮಹಡಿ ಹತ್ತಿ ಹೋಗಿ ಹೇಳಿಬಿಟ್ಟರು ಅಂತ. ಇಲ್ಲ. ಬೋರ್ಡನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಮಂಚದ ಅಡಿಗೆ ತಳ್ಳಿದರು.

"ಬೋರ್ಡ್ ಯಾಕೆ ತೆಗೆದೆ?" ಗಂಡ ಬಾಗಿಲಲ್ಲಿ ನಿಂತಿದ್ದರು.

"ಬಣ್ಣ ಮಾಸಿದೆ."

"ನನ್ನ ಬಣ್ಣ? ಮಾಸತ್ತಾ? ಇಷ್ಟು ಬೇಗ?"

"ನಿಮ್ಗೆಲ್ಲ ವಿವರ ಹೇಳ್ಬೇಕಾ?"

ಅವರು ಹೆಂಡತಿಯ ಮುಖ ನೋಡಿದರು, ಮಂಚದ ಅಡಿ ನೋಡಿದರು, ಆಮೇಲೆ ಅಂಗಳದಲ್ಲಿ ಮೂತಿ ಬಿಚ್ಚಿಕೊಂಡು ನಿಂತ ಕಾರನ್ನು ನೋಡಿದರು. ಚಿಕ್ಕದು ಮಾಡ್ತೀನಿ ಅಂದಿದ್ದೆನಲ್ಲ ಅಂತ ಒಂದು ಮಾತು ಆಡಿದ್ದರೂ ಜಗಳ ಆಡಿ ಹಗುರಾಗಬಹುದಿತ್ತು. ಪುಣ್ಯಾತ್ಮ ಕುಂಚ ತೊಳೆಯಲು ಹೋದರು. ಅದು ಇನ್ನೂ ಕಷ್ಟವಾಯಿತಂತೆ.

ದೀಪ ಹಚ್ಚುವ ಹೊತ್ತಿಗೆ ನಾದಿನಿ ಮಹಡಿ ಇಳಿದು ಬಂದಳು. ಕೈಯಲ್ಲಿ ಹೊಸ ಕೂಲಂಟ್ ಕ್ಯಾನು. ಅದನ್ನು ಹೊಸ್ತಿಲ ಪಕ್ಕ ಇಟ್ಟು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಗಾಡಿಗೆ, ಅತ್ತಿಗೆ. ನಾನು ಹಾಳು ಮಾಡಿದ್ದು."

ಅತ್ತಿಗೆ ಮಂಚದ ಕಡೆ ನೋಡಿದರು.

"ನಾಳೆ ಬೆಳಿಗ್ಗೆ ಯಜಮಾನ್ರಿಗೆ ಹೇಳ್ಬಿಡ್ತೀನಿ, ವ್ಯಾನ್ ನನ್ ಕೈಲಾಗಲ್ಲ ಅಂತ. ಬೇರೆ ಯಾರೋ ಕೇಳ್ತಿದಾರಂತೆ, ಪಾಪ ಅವ್ರಿಗಾದ್ರೂ ಸಿಗಲಿ. ಏರು ಹತ್ತಿಸೋಕೆ ಬರದೆ ಇರೋಳು ಜನರ ಬ್ರೆಡ್ ತಗೊಂಡು ಎಲ್ಲಿಗೆ ಹೋಗಲಿ."

ಅತ್ತಿಗೆ ಬಾಯಿ ತೆರೆದರು. ಮಾತು ಗಂಟಲಿಗೆ ಬಂದಿತ್ತು, ಆಣೆ ಮಾಡಿ ಹೇಳುತ್ತಾರೆ ಬಂದಿತ್ತು ಅಂತ. ಆದರೆ ಹೊರಗೆ ಬಿದ್ದದ್ದು, "ಊಟ ಆಯ್ತಾ?"

"ಆಯ್ತು" ಅಂದು ನಾದಿನಿ ಮೇಲೆ ಹೋದಳು.

ಹೊಸ್ತಿಲಲ್ಲಿ ಆ ಕ್ಯಾನು. ದಾಟುವಾಗಲೆಲ್ಲ ಕಾಲಿಗೆ ತೊಡರುತ್ತಿತ್ತಂತೆ, ಎತ್ತಿಡಲು ಕೈ ಬರಲಿಲ್ಲವಂತೆ. ಬೇಕರಿ ಮುಂದೆ ಅವಳು ಬೆರಳ ತುದಿ ಮುಟ್ಟಿಸಿದ್ದು, ಸುಟ್ಟು ಹಿಂದಕ್ಕೆಳೆದುಕೊಂಡದ್ದು ಕಣ್ಣ ಮುಂದೆಯೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದೇನು ಗೊತ್ತಾ? ಅವಳು ನಂಬಿಬಿಟ್ಟಿದ್ದಾಳೆ. ತನ್ನ ಕಾಲಿನ ಬಗ್ಗೆ ತನಗಿಂತ ಅತ್ತಿಗೆಗೇ ಹೆಚ್ಚು ಗೊತ್ತು ಅಂದುಕೊಂಡಿದ್ದಾಳೆ.

ಬೆಳಿಗ್ಗೆ ಎದ್ದು ನೋಡಿದರೆ ಮಹಡಿಯ ಬಾಗಿಲಿಗೆ ಬೀಗ. ಅವಳಾಗಲೇ ಹೊರಟಿದ್ದಳು. ಅತ್ತಿಗೆ ಮಂಚದ ಅಡಿಯಿಂದ ಬೋರ್ಡ್ ಎಳೆದು ಹಿಂದಿನ ಸೀಟಿಗೆ ಎಸೆದು ಕಾರು ಹತ್ತಿದರು. ಅದೇ ಏರು. ಮುಳ್ಳು ನಡುವಿನಲ್ಲೇ ಇತ್ತು, ಒಂದಿಷ್ಟೂ ಅಲ್ಲಾಡಲಿಲ್ಲ. ಅಷ್ಟು ಸರಿಯಾಗಿ ಓಡುತ್ತಿದ್ದ ಕಾರಿನ ಮೇಲೆ ಅವರಿಗೆ ಜೀವನದಲ್ಲಿ ಮೊದಲ ಸಲ ಸಿಟ್ಟು ಬಂತಂತೆ.

ಬೇಕರಿ ಮುಂದೆ ಅದೇ ಸಾಲು. ನಾದಿನಿ ಗಲ್ಲಾದ ಎದುರು ನಿಂತಿದ್ದಳು, ಯಜಮಾನರು ಚಿಲ್ಲರೆ ಕೊಡುತ್ತಾ, "ಏನೋ ಹೇಳ್ಬೇಕು ಅಂದ್ಯಲ್ಲಮ್ಮ, ಹೇಳು" ಅನ್ನುತ್ತಿದ್ದರು. ಅತ್ತಿಗೆ ತಗಡು ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ತಡೀರಿ ಯಜಮಾನ್ರೇ. ಮೊನ್ನೆ ಗಾಡಿ ಕುದ್ದಿದ್ದು ಇವಳಿಂದಲ್ಲ. ಈ ಬೋರ್ಡಿಂದ. ಗಾಳಿ ಹೋಗೋ ಜಾಗಕ್ಕೆ ನಾನೇ ಅಡ್ಡ ಹಾಕಿಸಿದ್ದೆ."

ಬೀದಿಯನ್ನೇ ನಿಲ್ಲಿಸುವ ಗಂಟಲು ಅವರದು. ಅವತ್ತು ಇರುವೆ ಮಾತಾಡಿದ ಹಾಗಿತ್ತು.

"ಏನಂದ್ರಿ?" ಅಂದರು ಯಜಮಾನರು.

ಮತ್ತೆ ಹೇಳಿದರು.

"ಇನ್ನೊಂದ್ಸಲ ಹೇಳಿ ಅತ್ತಿಗೆ, ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ!" ಸಾಲಿನ ಬಾಲದಿಂದ ಯಾರೋ ಕೂಗಿದರು. ಕೂಗಿದವರು ಯಾರು ಗೊತ್ತಾ, ಮೀಸೆಯ ಬ್ಯಾಂಕ್ ಮ್ಯಾನೇಜರ್ರು! ನಗು ಎದ್ದಿತು. ಅತ್ತಿಗೆ ನೆಲ ನೋಡಲಿಲ್ಲ. ಸಾಲಿನ ಕಡೆ ತಿರುಗಿ ಮೂರನೆಯ ಸಲ ಹೇಳಿದರು, ಈ ಸಲ ಕೊನೆಯವರಿಗೂ ಕೇಳಿಸಿತು. ಆಮೇಲೆ ನಾದಿನಿಯ ಕಡೆ ತಿರುಗಿದರು.

"ತಪ್ಪಾಯ್ತು ಕಣೇ."

ನಾದಿನಿ ಅಳಲಿಲ್ಲ, ಕೈ ಹಿಡಿಯಲಿಲ್ಲ, ಅಂಥದ್ದೇನೂ ಆಗಲಿಲ್ಲ. ಬೋರ್ಡನ್ನು ನೋಡಿದಳು.

"ನಿನ್ನೆನೇ ಗೊತ್ತಿತ್ತಾ?"

"ಹೂಂ."

"ನಾನು ಕ್ಯಾನ್ ತಂದಾಗ?"

"...ಹೂಂ."

"ಊಟ ಆಯ್ತಾ ಅಂತ ಕೇಳಿದ್ರಲ್ಲ ಅತ್ತಿಗೆ."

 

ನಾದಿನಿ ಕೈ ಚಾಚಿದಳು. "ಕೀ ಕೊಡಿ." ಯಜಮಾನರಿಗೆ, "ಬನ್ನಿ, ಓಡಿಸಿ ತೋರಿಸ್ತೀನಿ" ಅಂದಳು. ಅಭ್ಯಾಸಬಲದಿಂದ ಅತ್ತಿಗೆಯೂ ಹಿಂದೆ ಹೊರಟರು. ಅವಳು ತಿರುಗದೆಯೇ, "ನೀವು ಇಲ್ಲೇ ಇರಿ" ಅಂದಳು.

ಕಾರು ಏರು ಹತ್ತಿ ಹೋಯಿತು. ಅತ್ತಿಗೆ ಮೆಟ್ಟಿಲ ಮೇಲೆ, ಎದೆಗೆ ಆ ಬೋರ್ಡ್ ಅವಚಿಕೊಂಡು, ಕೆಂಪು ಅಕ್ಷರ ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದರು. ಸಾಲಿನಲ್ಲಿದ್ದ ಒಬ್ಬರೂ ಕದಲಲಿಲ್ಲ. ಬ್ರೆಡ್ ಸಿಕ್ಕಿದವರೂ ಹೋಗಲಿಲ್ಲ. ಬೋರ್ಡನ್ನು ತಿರುಗಿಸಿ ಹಿಡಿಯಬಹುದಿತ್ತಲ್ಲ ಅಂತ ನಾನು ಕೇಳಿದ್ದಕ್ಕೆ, "ತಿರುಗಿಸೋಣ ಅನ್ನಿಸ್ತು. ಬೇಡ ಅಂತ ಹಾಗೇ ಇಟ್ಕೊಂಡೆ" ಅಂದರು.

ಕಾರು ಹಬೆ ಇಲ್ಲದೆ ವಾಪಸ್ ಬಂತು. ಯಜಮಾನರು ಇಳಿದು, "ನಾಳೆಯಿಂದ ವ್ಯಾನ್ ನಿಂದಮ್ಮ. ಅದಕ್ಕೆ ಬೋರ್ಡ್ ಗೀರ್ಡ್ ಹಾಕಿಸ್ಬೇಡ ಅಷ್ಟೇ" ಅಂದರು.

ನಾದಿನಿ ಎಷ್ಟೋ ದಿನ ಅತ್ತಿಗೆಯ ಜೊತೆ ಹೂಂ, ಊಹೂಂ ಬಿಟ್ಟು ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಇನ್ನೂ ತಿಂಡಿಯೂ ಆಗದ ಹೊತ್ತು, ವ್ಯಾನು ಬೀದಿಯಲ್ಲಿ ಬಂದು ನಿಧಾನ ಮಾಡಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅತ್ತಿಗೆ, ಊಟ ಆಯ್ತಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೋದಳು. ಈಗ ಅದು ದಿನಾ ನಡೆಯುತ್ತದೆ. ನಾವೆಲ್ಲ ನಗುತ್ತೇವೆ, ಅತ್ತಿಗೆ ಕಿವಿಯವರೆಗೂ ಕೆಂಪಾಗಿ "ಹೋಗೇ!" ಅನ್ನುತ್ತಾರೆ. ಕ್ಷಮಿಸಿದ್ದಾಳೋ, ಸೇಡು ತೀರಿಸಿಕೊಳ್ಳುತ್ತಿದ್ದಾಳೋ ನನಗಂತೂ ಗೊತ್ತಿಲ್ಲ. ಎರಡೂ ಇರಬಹುದು.

ಬಾನೆಟ್ಟಿಗೆ ತಪ್ಪಾಯ್ತು ಹೇಳಿಸುವ ಪದ್ಧತಿ ನಿಂತಿದೆ. ಅದರ ಬದಲು ಹೊಸಬರು ಬಂದ ಮೊದಲ ದಿನವೇ, ಕೀಲಿ ಕೊಡುವ ಮೊದಲು, ಅವರು ಈ ಕಥೆಯನ್ನು ತಾವೇ ಹೇಳುತ್ತಾರೆ, ಊಟದ ಮಾತನ್ನೂ ಬಿಡದೆ. ಹೇಳುವಾಗ ಒಮ್ಮೆಯೂ ಕಾರಿನ ಕಡೆ ನೋಡುವುದಿಲ್ಲ.

ನೀವೊಮ್ಮೆ ಹೋಗಿ ಅವರನ್ನು ನೋಡಲೇಬೇಕು. ಬಣ್ಣದ ಡಬ್ಬಿಗಳ ಅಂಗಳ, ಮೂತಿ ಬರಿದಾದ ಬೂದಿ ಕಾರು, ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೋರ್ಡ್ ಬಚ್ಚಲಮನೆಯ ಗೋಡೆಗೆ ಒರಗಿದೆ, ನೀರು ಕಾಯಿಸುವ ಒಲೆಗೆ ಗಾಳಿ ತಾಕದ ಹಾಗೆ ಅಡ್ಡ ಇಟ್ಟಿದ್ದಾರೆ, ಆ ಕೆಲಸಕ್ಕೆ ಭಾಳ ಚೆನ್ನಾಗಿದೆಯಂತೆ. ಅದರ ಬಗ್ಗೆ ನೀವಾಗಿ ಕೇಳಬೇಡಿ, ಅವರೇ ಹೇಳುತ್ತಾರೆ. ಬೆಳಿಗ್ಗೆ ಸ್ವಲ್ಪ ಬೇಗ ಹೋದರೆ ವ್ಯಾನೂ ಸಿಗುತ್ತದೆ. ಕೈ ಮಾಡಿ, ನಿಲ್ಲಿಸುತ್ತಾಳೆ.